ಮುಂದೆ ಹೋಗುವವರು ಯಾರನ್ನು ಬಿಟ್ಟುಹೋಗುತ್ತಾರೆ?

ಕಳೆದ ತಿಂಗಳು ಶಂಕರಘಟ್ಟದ ನಮ್ಮ ಹಾಸ್ಟೆಲಿನಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಈಗಿನ ಕಾಲದ ಮುಖ್ಯವಾದ ಪ್ರೊಗ್ರೆಸಿವ್ ರಾಕ್ ಬ್ಯಾಂಡುಗಳು ಯಾವುವು? ಐದು ಹೆಸರು ಹೇಳಿ ಸಾಕು. ರಜೆಯಲ್ಲಿ ಕೇಳ್ತೀನಿ.” ನಾನು ಐದಲ್ಲ, ಎಂಟು ಹೆಸರು ಹೇಳಿದೆ. ಅವಳು ಮೊಬೈಲಿನಲ್ಲಿ ಬರೆದುಕೊಂಡು ಹೋದಳು. ಅವಳು ಹೋದ ಮೇಲೆ, ಎಷ್ಟು ಸಲೀಸಾಗಿ ಹೇಳಿಬಿಟ್ಟೆನಲ್ಲ ಎಂದು ನನಗೇ ಕಸಿವಿಸಿಯಾಯಿತು. ‘ಮುಖ್ಯ’ ಎಂದೆ. ಯಾರಿಗೆ ಮುಖ್ಯ? ‘ಪ್ರೊಗ್ರೆಸಿವ್’ ಎಂದೆ. ಅಂದರೆ ಮುಂದೆ ಹೋಗುವ ಸಂಗೀತ. ಮುಂದೆ ಅಂದರೆ ಯಾವ ಕಡೆ? ಮುಂದೆ ಹೋಗುವಾಗ ಯಾರನ್ನು ಬಿಟ್ಟು?

ಈ ಪ್ರಶ್ನೆಗೆ ನನ್ನ ಮಟ್ಟಿಗೆ ಒಂದು ಹಳೆಯ ಸಾಲವೂ ಅಂಟಿಕೊಂಡಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಸಂಗೀತದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು.

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಹುಡುಗರಿಗೆ ಮೂರು ನಿಮಿಷದ ಹಾಡು ಸಾಲದಾಯಿತು. ಪ್ರೀತಿ, ವಿರಹ, ಪಲ್ಲವಿ, ಮತ್ತೆ ಪಲ್ಲವಿ ಎಂಬ ಚೌಕಟ್ಟು ಇಕ್ಕಟ್ಟೆನಿಸಿತು. 1969ರಲ್ಲಿ ಕಿಂಗ್ ಕ್ರಿಮ್ಸನ್ ಎಂಬ ತಂಡದ ಮೊದಲ ಆಲ್ಬಮ್ ಬಂತು. ಅದರ ಹಿಂದೆ ಮುಂದೆಯೇ ಯೆಸ್, ಜೆನೆಸಿಸ್, ಜೆಥ್ರೊ ಟಲ್, ಪಿಂಕ್ ಫ್ಲಾಯ್ಡ್ ಇದ್ದರು. ಇವರು ರಾಕ್ ಸಂಗೀತಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹರಹನ್ನೂ ಜಾಜ್‌ನ ಮನೋಧರ್ಮವನ್ನೂ ತಂದರು. ಯೆಸ್ ತಂಡದ 1972ರ ಒಂದು ಹಾಡು ಎಲ್‌ಪಿ ತಟ್ಟೆಯ ಒಂದಿಡೀ ಮಗ್ಗುಲನ್ನು ತುಂಬಿಕೊಂಡಿದೆ. ನಾಲ್ಕು ಪೆಟ್ಟಿನ ಲೆಕ್ಕ ಬಿಟ್ಟು ಐದು, ಏಳು, ಒಂಬತ್ತರ ಲೆಕ್ಕಕ್ಕೆ ಹೋದರು. ಪಿಂಕ್ ಫ್ಲಾಯ್ಡ್‌ನ ‘ಮನಿ’ ಹಾಡು ಏಳರಲ್ಲಿ ನಡೆಯುತ್ತದೆ. ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಏಳು ಏನೂ ವಿಚಿತ್ರವಲ್ಲ, ಆದರೆ ರಾಕ್ ಕೇಳುಗರಿಗೆ ಅದು ಕಾಲು ತಪ್ಪಿಸುವ ಮೆಟ್ಟಿಲಾಗಿತ್ತು.

ಇದು ಹಿರಿಯರ ಕಥೆ. ಈಗಿನ ಕಾಲದವರು ಎಂದರೆ ಸಾಮಾನ್ಯವಾಗಿ ಎಂಬತ್ತರ ದಶಕದ ನಂತರ ಬಂದವರನ್ನು ಹೇಳುತ್ತೇವೆ: ಅಮೆರಿಕದ ಡ್ರೀಮ್ ಥಿಯೇಟರ್ ಮತ್ತು ಟೂಲ್, ಇಂಗ್ಲೆಂಡಿನ ಪಾರ್ಕ್ಯುಪೈನ್ ಟ್ರೀ, ಸ್ವೀಡನ್ನಿನ ಓಪೆತ್. ನಮ್ಮ ಬೆಂಗಳೂರಿನ ಅಗಮ್ ಕೂಡ ಈ ಸಾಲಿನದೇ. 2003ರಲ್ಲಿ ಶುರುವಾದ ಈ ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ಗಿಟಾರು, ಡ್ರಮ್ಸುಗಳ ನಡುವೆ ನಿಲ್ಲಿಸುತ್ತದೆ. ತ್ಯಾಗರಾಜರ ನಳಿನಕಾಂತಿ ರಾಗದ ‘ಮನವ್ಯಾಲಕಿಂಚರಾದಟೆ’ಯನ್ನು ಇವರ ಮೂಲಕವೇ ಮೊದಲು ಕೇಳಿದ ಹುಡುಗ ಹುಡುಗಿಯರು ನನ್ನ ಗೆಳೆಯರಲ್ಲೇ ಇದ್ದಾರೆ.

ಈಗ ನನ್ನ ಸಾಲದ ವಿಷಯ. ನಾನು ಭದ್ರಾವತಿಯವಳು. ಡಿಗ್ರಿ ಓದಿದ್ದು ಶಿವಮೊಗ್ಗದಲ್ಲಿ. ದಿನಾ ಬಸ್ಸು. ಆ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಪಾರ್ಕ್ಯುಪೈನ್ ಟ್ರೀಯ ಹದಿನೇಳು ನಿಮಿಷದ ‘ಅನೆಸ್ತಟೈಜ್’ ಕೇಳುತ್ತ ಕೂತರೆ, ಬಸ್ಸಿನ ಸ್ಪೀಕರಿನಲ್ಲಿ ಬರುವ ಸಿನಿಮಾ ಹಾಡಿಗೆ ತಲೆದೂಗುತ್ತಿದ್ದವರೆಲ್ಲ ನನಗಿಂತ ಒಂದು ಮೆಟ್ಟಿಲು ಕೆಳಗಿದ್ದಾರೆ ಎಂಬ ಭಾವನೆ. ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಇತ್ತು.

ಅಪ್ಪ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಿಷಿನ್ ಮೇಲೆ ಕೆಲಸ ಮಾಡುತ್ತಿದ್ದವರು. ಸಂಜೆ ಬಂದು ಕೈಕಾಲು ತೊಳೆದು ರೇಡಿಯೊ ಹಾಕುತ್ತಿದ್ದರು. ಆಕಾಶವಾಣಿ ಭದ್ರಾವತಿ ನಮ್ಮೂರಲ್ಲಿ 1965ರಿಂದ ಇದೆ. ಅಪ್ಪನಿಗೆ ಅದು ನಿಲಯವಲ್ಲ, ಮನೆಯ ಇನ್ನೊಬ್ಬ ಸದಸ್ಯ. ಒಂದು ಸಂಜೆ ಭಾವಗೀತೆ ಬರುತ್ತಿತ್ತು, ಶಿವಮೊಗ್ಗ ಸುಬ್ಬಣ್ಣನವರ ದನಿ. ನನಗೆ ಹೊಸದಾಗಿ ಸಿಕ್ಕ ಒಂದು ಹಾಡನ್ನು ಸ್ಪೀಕರಿನಲ್ಲಿ ಕೇಳುವ ಆಸೆ. ಹೋಗಿ ರೇಡಿಯೊ ಆಫ್ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ. “ಇದೆಲ್ಲ ಒಂದೇ ಥರ ಅಪ್ಪ. ಎಲ್ಲಿಗೂ ಹೋಗಲ್ಲ ಈ ಸಂಗೀತ” ಎಂದೆ.

ಅಪ್ಪ ಜಗಳ ಮಾಡಲಿಲ್ಲ. “ನಿಂದು ಹಾಕ್ಕ, ಬ್ಯಾಡ ಅನ್ನಲ್ಲ. ನಂದ್ಯಾಕೆ ಆಫ್ ಮಾಡ್ದೆ?” ಎಂದರು.

ಆಗ ನನಗಿದು ರೇಡಿಯೊದ ಮಾತು ಎನಿಸಿತ್ತು. ಈಗ, ಸಂಶೋಧನೆಗೆಂದು ಕನ್ನಡ ವಿಮರ್ಶೆಯ ಹಳೆಯ ಪುಟಗಳನ್ನು ತಿರುವುತ್ತಿರುವಾಗ, ಇದು ಪ್ರಗತಿಯ ಬಗ್ಗೆ ಕೇಳಬಹುದಾದ ಅತ್ಯಂತ ಸರಿಯಾದ ಪ್ರಶ್ನೆ ಎನಿಸುತ್ತಿದೆ. ನನ್ನದು ಶುರುವಾಗಬೇಕಾದರೆ ಇನ್ನೊಬ್ಬರದು ನಿಲ್ಲಲೇಬೇಕೆ?

ಭದ್ರಾವತಿಯವರಿಗೆ ಪ್ರಗತಿ ಎಂಬ ಪದ ಪುಸ್ತಕದ್ದಲ್ಲ. ಊರಿನ ಮೈಮೇಲೇ ಬರೆದದ್ದು. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತು ನಷ್ಟದಿಂದ ಎತ್ತಿದರು. ಕಲ್ಲಿದ್ದಲಿಲ್ಲದ ಸೀಮೆಯಾದ್ದರಿಂದ ಕುಲುಮೆ ಉರಿದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಎಲ್ಲೆಲ್ಲಿಂದಲೋ ಬಂದ ಜನ ಸೇರಿ ಹಳ್ಳಿ ಊರಾಯಿತು, ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಒಂದೇ ನಲ್ಲಿಯ ಮುಂದೆ ನಿಂತವು. ಕಾಗದದ ಕಾರ್ಖಾನೆ ಕಳೆದ ದಶಕದಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಗೇಟಿನ ಮುಂದೆ ಕೂತರು. ಪ್ರಗತಿ ಬಂದಾಗ ಕಾಡು ಹಿಂದೆ ಉಳಿಯಿತು. ಪ್ರಗತಿ ಇನ್ನೊಂದು ಕಡೆ ಹೊರಟಾಗ ಊರು ಹಿಂದೆ ಉಳಿಯಿತು. ಹಾಗಾಗಿ ಯಾರಾದರೂ ‘ಮುಂದೆ ಹೋಗುತ್ತಿದ್ದೇವೆ’ ಎಂದರೆ ನಮ್ಮೂರಿನವರು ಮೊದಲು ತಿರುಗಿ ಹಿಂದೆ ನೋಡುತ್ತಾರೆ.

ಸಾಹಿತ್ಯದಲ್ಲೂ ಈ ತಿರುಗಿ ನೋಡುವಿಕೆ ನಡೆದಿದೆ. ನಲವತ್ತರ ದಶಕದಲ್ಲಿ ಅನಕೃ ಮುಂದಾಳಾಗಿ ನಿಂತ ಪ್ರಗತಿಶೀಲ ಚಳವಳಿಗೆ ‘ಮುಂದೆ’ ಅಂದರೆ ದುಡಿಯುವವರ ಜೊತೆಗೆ ಎಂದರ್ಥ. ಆಮೇಲೆ ಬಂದ ನವ್ಯರಿಗೆ ‘ಮುಂದೆ’ ಅಂದರೆ ಭಾಷೆಯೊಳಗೆ, ರೂಪದೊಳಗೆ, ಮನಸ್ಸಿನೊಳಗೆ. ಇಂಗ್ಲಿಷಿನ ಪ್ರೊಗ್ರೆಸಿವ್ ರಾಕ್‌ಗೆ ಹತ್ತಿರದ ನಂಟು ನಮ್ಮ ಪ್ರಗತಿಶೀಲರದಲ್ಲ, ನವ್ಯರದು. ಎರಡೂ ಕಡೆ ರೂಪದ ಬಗ್ಗೆ ಹಸಿವು, ಸುಲಭಕ್ಕೆ ಒಲ್ಲದ ಹಟ, ಓದುಗ ಅಥವಾ ಕೇಳುಗ ತಾನೂ ದುಡಿಯಬೇಕೆಂಬ ಬೇಡಿಕೆ. ಇಬ್ಬರ ಮೇಲೆ ಬಂದ ಆರೋಪವೂ ಒಂದೇ. 1976–77ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಂಕ್ ಹುಡುಗರು ಎದ್ದು, ಮೂರು ಸ್ವರ ಬಂದರೆ ಸಾಕು, ನಮ್ಮ ಸಿಟ್ಟು ನಾವೇ ಹಾಡುತ್ತೇವೆ ಎಂಬಂತೆ ನುಡಿಸಿದರು. ದುಬಾರಿ ಕೀಬೋರ್ಡುಗಳ ಕೋಟೆಯಲ್ಲಿ ಕೂತ ಪ್ರೊಗ್ರೆಸಿವ್ ತಂಡಗಳಿಗೆ ನಿರುದ್ಯೋಗಿ ಹುಡುಗನ ಬೀದಿ ಕಾಣುತ್ತಿಲ್ಲ ಎಂಬುದು ಅವರ ದೂರು. ನಮ್ಮಲ್ಲಿ 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿ ನವ್ಯಕ್ಕೆ ಕೇಳಿದ್ದೂ ಇಂಥದೇ: ನಿಮ್ಮ ಕವಿತೆಯ ಸಂಕಟದಲ್ಲಿ ನಮ್ಮ ಕೇರಿ ಎಲ್ಲಿದೆ?

ಈ ಪ್ರಶ್ನೆಯ ಬೇರು ಭದ್ರಾವತಿಯಲ್ಲೂ ಇದೆ. ಇಲ್ಲಿನ ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ಈ ಊರಿನಿಂದಲೇ. 1975ರಲ್ಲಿ ‘ಹೊಲೆ ಮಾದಿಗರ ಹಾಡು’ ಪ್ರಕಟಿಸಿದ ಸಿದ್ದಲಿಂಗಯ್ಯನವರ ಕವಿತೆಗಳನ್ನು ಸಮಿತಿಯವರು ತಮಟೆಯ ಜೊತೆ ಊರೂರು ಹಾಡಿಕೊಂಡು ನಡೆದರು. ಆ ಹಾಡುಗಳಲ್ಲಿ ಏಳರ ಲೆಕ್ಕವಿಲ್ಲ, ಹದಿನೇಳು ನಿಮಿಷವಿಲ್ಲ. ಅವು ಮುಂದೆ ಹೋಗಲಿಲ್ಲವೆಂದು ಯಾರಾದರೂ ಹೇಳಬಲ್ಲರೆ?

ಇಲ್ಲಿಗೆ ಬಂದಾಗ ನನ್ನೊಳಗಿನ ಇನ್ನೊಬ್ಬಳು ಆಕ್ಷೇಪ ಎತ್ತುತ್ತಾಳೆ. ಹಾಗಾದರೆ ಎಲ್ಲ ಸಂಗೀತವೂ ಸಮವೇ? ಕಷ್ಟಪಟ್ಟು ಕಟ್ಟಿದ್ದಕ್ಕೂ ಸುಮ್ಮನೆ ಹೊಸೆದದ್ದಕ್ಕೂ ವ್ಯತ್ಯಾಸ ಹೇಳುವುದೇ ಅಹಂಕಾರವೇ? ಹಾಗೆಂದರೆ ವಿಮರ್ಶೆ ಎಂಬ ಕೆಲಸವನ್ನೇ ಮುಚ್ಚಬೇಕಾಗುತ್ತದೆ. ಇನ್ನೊಂದು ಮಾತು: ಬಿಡದೆ ಹೋಗಲು ಬರುವುದಿಲ್ಲ. ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್ 1974ರಲ್ಲಿ, ತಂಡ ಚೆನ್ನಾಗಿ ನುಡಿಸುತ್ತಿದ್ದಾಗಲೇ, ಅದನ್ನು ವಿಸರ್ಜಿಸಿದ. 1981ರಲ್ಲಿ ಅದೇ ಹೆಸರಿನಲ್ಲಿ ಮರಳಿದಾಗ ಸಂಗೀತ ಪೂರಾ ಬೇರೆ. ಓಪೆತ್ ತಂಡ 2011ರಲ್ಲಿ ತನ್ನ ಗುರುತೇ ಆಗಿದ್ದ ಘರ್ಜನೆಯ ಗಾಯನವನ್ನು ಕೈಬಿಟ್ಟಿತು. ಅಭಿಮಾನಿಗಳು ಮುನಿಸಿಕೊಂಡರು. 2024ರಲ್ಲಿ ಆ ದನಿ ಮರಳಿತು. ಇವರೆಲ್ಲ ಬಿಟ್ಟವರೇ ಅಲ್ಲವೇ?

ಬಿಟ್ಟವರೇ. ಆದರೆ ಅವರು ಬಿಟ್ಟದ್ದು ತಮ್ಮದನ್ನು. ತನ್ನ ನಿನ್ನೆಯ ಯಶಸ್ಸನ್ನು ಕಳಚಿಡಲು ಧೈರ್ಯ ಬೇಕು. ಇನ್ನೊಬ್ಬರ ರೇಡಿಯೊ ಆಫ್ ಮಾಡಲು ಯಾವ ಧೈರ್ಯವೂ ಬೇಡ. ನಾನು ಈ ಎರಡನ್ನೂ ಒಂದೇ ಎಂದುಕೊಂಡಿದ್ದೆ. ಒಂದು ಹಾಡನ್ನು ತೂಗುವುದು ವಿಮರ್ಶೆ. ಆ ಹಾಡು ಕೇಳುವವರನ್ನು ತೂಗುವುದು ವಿಮರ್ಶೆಯ ವೇಷ ತೊಟ್ಟ ಮೇಲರಿಮೆ. ಅದು ನಮ್ಮ ಸಮಾಜದಲ್ಲಿ ಎಲ್ಲೆಲ್ಲಿ ಯಾವ್ಯಾವ ವೇಷದಲ್ಲಿದೆಯೋ ಎಲ್ಲರಿಗೂ ಗೊತ್ತು. ಇಂಗ್ಲಿಷ್ ಹಾಡು ಕೇಳಿದ ಮಾತ್ರಕ್ಕೆ ಅದರಿಂದ ಪಾರಾದೆವು ಎಂದುಕೊಳ್ಳುವುದು ಹುಂಬತನ.

ಮೇಲರಿಮೆ ಇನ್ನೊಂದು ಕೆಡುಕನ್ನೂ ಮಾಡುತ್ತದೆ: ಕೇಳಿಸದಂತೆ ಮಾಡುತ್ತದೆ. ‘ಎಲ್ಲಿಗೂ ಹೋಗಲ್ಲ’ ಎಂದು ನಾನು ತಳ್ಳಿಹಾಕಿದ ಸುಗಮ ಸಂಗೀತ ಎಷ್ಟು ದೂರ ಹೋಗಿತ್ತು ನೋಡಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಪುಸ್ತಕದೊಳಗಿದ್ದ ಕವಿತೆಯನ್ನು ಎತ್ತಿ ಜನರ ಬಾಯಿಗೆ ಕೊಟ್ಟರು. ನಗರದ ಸೀಮೆಯಿಂದ ಬಂದ ಸುಬ್ಬಣ್ಣನವರು ಕಂಬಾರರ ‘ಕಾಡು ಕುದುರೆ’ಯ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು. ನನ್ನ ಅಪ್ಪ ಬದುಕಿನಲ್ಲಿ ಒಂದು ಕವನ ಸಂಕಲನ ಕೊಂಡವರಲ್ಲ. ಆದರೆ ಕುವೆಂಪು, ಬೇಂದ್ರೆ, ಶರೀಫರು ಅವರಿಗೆ ಬಾಯಿಪಾಠ. ಮುಂದೆ ಹೋಗುವಾಗ ಲೇತ್ ಮಿಷಿನ್ ಮುಂದಿನ ಒಬ್ಬ ಮನುಷ್ಯನನ್ನು ಕೈಹಿಡಿದು ಕರೆದೊಯ್ದ ಸಂಗೀತವನ್ನು ನಾನು ನಿಂತ ನೀರು ಎಂದಿದ್ದೆ.

ನಿಂತದ್ದು ಯಾವುದು, ಚಲಿಸುವುದು ಯಾವುದು ಎಂದು ಹೇಳುವುದು ಸುಲಭವಲ್ಲ. ಅಲ್ಲಮ ಹುಟ್ಟಿದ ಬಳ್ಳಿಗಾವಿ, ಅಕ್ಕ ಹುಟ್ಟಿದ ಉಡುತಡಿ ಇರುವ ಜಿಲ್ಲೆ ನಮ್ಮದು. ಸ್ಥಾವರ, ಜಂಗಮ ಎಂಬ ಎರಡು ಪದಗಳು ನಮಗೆ ಉಡುಗೊರೆಯಾಗಿ ಸಿಕ್ಕಿವೆ. ಎಪ್ಪತ್ತರ ದಶಕದ ಯೆಸ್, ಜೆನೆಸಿಸ್ ತಂಡಗಳ ಶೈಲಿಯನ್ನು ಅದೇ ಕೀಬೋರ್ಡು, ಅದೇ ಉದ್ದ, ಅದೇ ಮುಖಪುಟದ ಚಿತ್ರದ ಸಮೇತ ಇಂದು ಮರುಕಳಿಸುವ ತಂಡಗಳು ಹತ್ತಾರಿವೆ. ಅವುಗಳ ಹೆಸರು ಪ್ರೊಗ್ರೆಸಿವ್, ಕೆಲಸ ಗುಡಿ ಕಾಯುವುದು. ಅಡಿಗರ ನಂತರ ಅಡಿಗರಂತೆಯೇ ಬರೆದವರು ನವ್ಯರೆನಿಸಿಕೊಂಡ ಹಾಗೆ. ಮುನ್ನಡೆದವರ ಹೆಜ್ಜೆಗುರುತನ್ನು ತೊಳೆದು ಪೂಜಿಸಿದರೆ ನಡೆದಂತಾಗುವುದಿಲ್ಲ.

ಹಾಗಾದರೆ ಮುಖ್ಯರು ಯಾರು? ಆ ಹುಡುಗಿಗೆ ಈಗ ಹೇಳುವುದಾದರೆ ಪಟ್ಟಿ ಚಿಕ್ಕದಾಗುತ್ತದೆ, ಕಾರಣಗಳು ಸೇರುತ್ತವೆ. ಪಾರ್ಕ್ಯುಪೈನ್ ಟ್ರೀ ಮುಖ್ಯ. ಪರದೆಗಳ ಮುಂದೆ ಮರಗಟ್ಟಿದ ಹದಿಹರೆಯದ ಬಗ್ಗೆ 2007ರಲ್ಲೇ ಅವರು ಒಂದಿಡೀ ಆಲ್ಬಮ್ ಮಾಡಿದರು. ಅದರ ನಾಯಕ ಸ್ಟೀವನ್ ವಿಲ್ಸನ್ ತನ್ನ ಹೊಸದನ್ನು ಕಟ್ಟುತ್ತಲೇ ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೊ ಟಲ್‌ರ ಹಳೆಯ ಧ್ವನಿಮುದ್ರಣಗಳನ್ನು ತಾಳ್ಮೆಯಿಂದ ಮರುಮಿಶ್ರಣ ಮಾಡಿಕೊಟ್ಟ. ಮುಂದೆ ಹೋದವನು ತಿರುಗಿ ಬಂದು ಹಿರಿಯರ ದೀಪಕ್ಕೆ ಎಣ್ಣೆ ಹಾಕಿದ ಹಾಗೆ. ಟೂಲ್ ಮುಖ್ಯ. 2006ರ ಆಲ್ಬಮ್ ನಂತರ ಮುಂದಿನದಕ್ಕೆ 2019ರ ತನಕ ಕಾಯಿಸಿದರು, ಹೇಳಲು ಸಿದ್ಧವಾಗುವ ತನಕ ಬಾಯಿ ತೆರೆಯಲಿಲ್ಲ. ಓಪೆತ್ ಮುಖ್ಯ, ಮೇಲೆ ಹೇಳಿದ ಕಾರಣಕ್ಕೆ. ಅಗಮ್ ಮುಖ್ಯ. ಕೃತಿಯನ್ನು ಹೊಸ ಸದ್ದಿಗೆ ತಂದದ್ದು ಸರಿಯೇ ಎಂದು ಜಗಳ ಮಾಡಲು ಎರಡೂ ಕಡೆಯವರನ್ನು ಒಂದೇ ಹಾಡಿನ ಮುಂದೆ ಕೂರಿಸಿದ್ದಕ್ಕೆ. ಡ್ರೀಮ್ ಥಿಯೇಟರ್‌ನ ಕೈಚಳಕಕ್ಕೆ ತಲೆಬಾಗುತ್ತೇನೆ, ಆದರೆ ನನ್ನ ಪಟ್ಟಿಯಲ್ಲಿ ಅವರು ಸ್ವಲ್ಪ ಕೆಳಗೆ. ಇದು ನನ್ನ ತೂಕ. ನಿಮ್ಮದು ಬೇರೆಯಾದರೆ ನೀವು ಚಿಕ್ಕವರಾಗುವುದಿಲ್ಲ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪನಿಗೆ ಈಗ ಕೆಲಸವಿಲ್ಲ, ಕಿವಿಯೂ ತುಸು ಮಂದ. “ನಂದೊಂದು ಹಾಡು ಕೇಳ್ತೀರಾ ಅಪ್ಪ?” ಎಂದು ‘ಅನೆಸ್ತಟೈಜ್’ ಹಾಕಿದೆ. ಏಳೆಂಟು ನಿಮಿಷ ಸುಮ್ಮನೆ ಕೂತರು. ಆಮೇಲೆ, “ಡ್ರಮ್ ಬಾರಿಸೋನು ಚೆನ್ನಾಗಿ ಕೆಲಸ ಕಲ್ತಿದಾನೆ. ಇನ್ನೆಷ್ಟಿದೆ?” ಎಂದರು. ಇನ್ನೂ ಅರ್ಧ ಇದೆ ಎಂದೆ. ನಕ್ಕು ಟೀ ಕುಡಿಯಲು ಎದ್ದರು. ಅವರಿಗೆ ಇಷ್ಟವಾಯಿತು ಎಂದು ಹೇಳಲಾರೆ.

ಹಾಡು ಪೂರ್ತಿ ಮುಗಿದ ಮೇಲೆ ನಾನೇ ಎದ್ದು ರೇಡಿಯೊ ಹಾಕಿದೆ. ಹತ್ತು ವರ್ಷ ತಡವಾಗಿ.