ಪರರ ಮನೆಯ ಹೊಗೆಯೂ ನಮ್ಮ ಸಹೋದರಿಯರ ಉಸಿರೂ



ಅರಸುಗಳ ಎರಡನೆಯ ಭಾಗದ 5ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅಲ್ಲಿ ಹೆಸರಿಲ್ಲದ ಒಬ್ಬ ಹುಡುಗಿಯ ಸಂಗತಿಯುಂಟು. ಅರಾಮ್ಯರ ದಂಡಿನವರು ಅವಳನ್ನು ಇಸ್ರಾಯೇಲ್ ದೇಶದಿಂದ ಸೆರೆಹಿಡಿದು ತಂದಿದ್ದರು. ಅವಳು ನಾಮಾನನೆಂಬ ಸೇನಾಪತಿಯ ಹೆಂಡತಿಗೆ ಊಳಿಗದವಳಾಗಿದ್ದಳು. ಆ ಮನೆಯ ಯಜಮಾನನು ಕುಷ್ಠರೋಗಿ. ಊರವರು ಅವನ ಪರಾಕ್ರಮವನ್ನು ಕೊಂಡಾಡುತ್ತಿದ್ದರು; ಮನೆಯೊಳಗಿನ ಸಂಕಟವೋ ಕೆಲಸದ ಹುಡುಗಿಯ ಕಣ್ಣಿಗೆ ಬಿದ್ದಿತ್ತು. ಅವಳು ಸುಮ್ಮನಿರದೆ ಯಜಮಾನಿಯ ಸಂಗಡ ಮಾತಾಡಿದಳು. ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆಂದೂ, ಅವನ ಬಳಿಗೆ ಹೋದರೆ ಯಜಮಾನನಿಗೆ ವಾಸಿಯಾಗುವದೆಂದೂ ತಿಳಿಸಿದಳು. ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗಿದ್ದನ್ನು ಕುರಿತು ನೀವು ಅನೇಕ ಪ್ರಸಂಗಗಳನ್ನು ಕೇಳಿದ್ದೀರಿ. ಈ ತಿಂಗಳು ನಾವು ಹೊಳೆಯ ತನಕ ಹೋಗುವದಿಲ್ಲ. ಆ ಹುಡುಗಿಯ ಬಳಿಯಲ್ಲೇ ನಿಲ್ಲುತ್ತೇವೆ. ಯಾಕಂದರೆ ನಮ್ಮ ಸಭೆಗಳಲ್ಲಿ ಅವಳಂಥವರು ಬಹಳ ಮಂದಿ ಇದ್ದಾರೆ, ಆದರೆ ಅವರ ಬಾಯಿ ಮುಚ್ಚಿದೆ. ಅದನ್ನು ಮುಚ್ಚಿಸಿದವರಲ್ಲಿ ನಾವೂ ಸೇರಿದ್ದೇವೆ. ಹೇಗೆಂದು ಹೇಳುತ್ತೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಹೊತ್ತು ಹುಟ್ಟುವದಕ್ಕೆ ಮುಂಚೆಯೇ ಎದ್ದು ಬೆಂಗಳೂರಿಗೆ ಹೋಗುವ ಹೆಂಗಸರನ್ನು ನೀವು ಬಲ್ಲಿರಿ. ಚನ್ನಪಟ್ಟಣದವರೂ ರಾಮನಗರದವರೂ ರೈಲು ಹತ್ತಿ ಬಿಡದಿ, ಕೆಂಗೇರಿಗಳನ್ನು ದಾಟಿ ಹೋಗುತ್ತಾರೆ. ಕನಕಪುರದವರು ಹಾರೋಹಳ್ಳಿಯ ಮೇಲೆಯೂ ಮಾಗಡಿಯವರು ತಾವರೆಕೆರೆಯ ಮೇಲೆಯೂ ಬಸ್ಸಿನಲ್ಲಿ ಹೋಗುತ್ತಾರೆ. ಕೆಲವರು ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ, ಕೆಲವರು ಪರರ ಮನೆಗಳಿಗೆ. ಗುಡಿಸುವದು, ಒರೆಸುವದು, ಪಾತ್ರೆ ತೊಳೆಯುವದು, ಬಟ್ಟೆ ಒಗೆಯುವದು, ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವದು ಅವರ ಕೆಲಸ. ಬೆಂಗಳೂರಿಗೆ ಹೋಗದೆ ಇಲ್ಲಿಯ ಪೇಟೆಯ ಮನೆಗಳಲ್ಲಿಯೇ ದುಡಿಯುವವರೂ ಉಂಟು.

ಕೆಲವು ತಿಂಗಳ ಹಿಂದೆ ಭಾನುವಾರದ ಆರಾಧನೆ ತೀರಿದ ಮೇಲೆ ಅಂಥ ಒಬ್ಬ ಸಹೋದರಿಯು ನಮ್ಮನ್ನು ತಡೆದು ನಿಲ್ಲಿಸಿದಳು. ಅವಳು ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾಳೆ. ಅವುಗಳೊಳಗೆ ಒಂದು ಮನೆಯಲ್ಲಿ ವಯಸ್ಸಾದ ಯಜಮಾನರೂ ಅವರ ಮಗನೂ ಮನೆಯೊಳಗೇ ಸಿಗರೇಟು ಸೇದುತ್ತಾರೆ. ತಂಪುಯಂತ್ರದ ನಿಮಿತ್ತ ಕಿಟಕಿಗಳೆಲ್ಲಾ ಮುಚ್ಚಿರುತ್ತವೆ. ಬೂದಿಯ ತಟ್ಟೆಯನ್ನು ತೊಳೆಯುವವಳು ಇವಳೇ. ಹೊಗೆ ಕುಡಿದ ಪರದೆಗಳನ್ನು ಒಗೆಯುವವಳೂ ಇವಳೇ. ಗೋಡೆ ಒರೆಸಿದರೆ ಬಟ್ಟೆ ಹಳದಿಯಾಗುವದಂತೆ. ಎರಡು ವರ್ಷದಿಂದ ಕೆಮ್ಮು ಬಿಟ್ಟಿಲ್ಲ. ಆದರೆ ಅವರು ಕೆಟ್ಟವರಲ್ಲ. ಮೂರು ಮನೆಗಳಲ್ಲಿ ಹೆಚ್ಚು ಸಂಬಳ ಕೊಡುವವರು ಅವರೇ, ಹೋದ ವರ್ಷ ಇವಳ ಮಗಳ ಶಾಲೆಯ ಫೀಸನ್ನು ಕಟ್ಟಿದವರೂ ಅವರೇ. "ಅಯ್ಯನವರೇ, ಮನೆ ಅವರದು, ಹೊಗೆ ಅವರದು. ನಾನು ಏನು ಹೇಳಲಿ? ಬಿಟ್ಟುಬಿಡಲೋ, ಇರಲೋ?" ಎಂದು ಕೇಳಿದಳು.

ನಾವು ಅವಸರದಲ್ಲಿದ್ದೆವು. ಮತ್ತೊಂದು ಹಳ್ಳಿಯಲ್ಲಿ ಆರಾಧನೆಯಿತ್ತು. ಯಜಮಾನರು ಕಠಿಣರಾಗಿದ್ದರೂ ಸೇವಕರು ಅಧೀನರಾಗಿರಬೇಕೆಂದು ಪೇತ್ರನು ಬರೆದದ್ದನ್ನು ನೆನಪಿಗೆ ತಂದು, "ಸಹಿಸಿಕೊಳ್ಳಮ್ಮಾ, ಪ್ರಾರ್ಥಿಸು" ಎಂದು ಹೇಳಿ ಹೊರಟುಹೋದೆವು. ಅದು ಸರಿಯಾದ ಉತ್ತರವಲ್ಲವೆಂದು ಈಗ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇವೆ. ಆ ತಪ್ಪನ್ನು ನಮಗೆ ತೋರಿಸಿಕೊಟ್ಟದ್ದು ಯಾವ ದೊಡ್ಡ ಗ್ರಂಥವೂ ಅಲ್ಲ, ರೇಷ್ಮೆಯ ಹುಳು.

ಆ ವಾರದಲ್ಲೇ ರಾಮನಗರದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ರೈತನ ಮನೆಗೆ ಹೋಗಿದ್ದೆವು. ಹುಳುಗಳು ನಾಲ್ಕನೆಯ ಜ್ವರವನ್ನು ದಾಟಿ ಎದ್ದಿದ್ದವು. ಸೊಪ್ಪು ತಿನ್ನುವ ಸಪ್ಪಳವು ಮಳೆ ಬಿದ್ದ ಹಾಗೆ ಕೇಳಿಸುತ್ತಿತ್ತು. ಇನ್ನು ಕೆಲವೇ ದಿವಸಗಳಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ ಏರಬೇಕು, ಗೂಡು ರಾಮನಗರದ ಮಾರುಕಟ್ಟೆಗೆ ಹೋಗಬೇಕು, ಸಾಲ ತೀರಬೇಕು. ಆಗ ನೆರೆಯವನೊಬ್ಬನು ಬಾಯಲ್ಲಿ ಬೀಡಿ ಇಟ್ಟುಕೊಂಡೇ ಹುಳುಮನೆಯ ಬಾಗಿಲಿಗೆ ಬಂದನು. ನಮ್ಮ ರೈತನು ಸಿಡಿಲಿನಂತೆ ಎದ್ದು, "ಹೊರಗೆ ಹೋಗಣ್ಣಾ, ಹೊರಗೆ! ಹುಳ ಸತ್ತೋಗ್ತವೆ!" ಎಂದು ಕೂಗಿದನು. ಬಂದವನಿಗೆ ಬೇಸರವೇ ಆಗಲಿಲ್ಲ. ಅವನೂ ಹುಳು ಸಾಕುವವನು; ತಪ್ಪಾಯಿತೆಂದು ಹೇಳಿ ಬೀಡಿಯನ್ನು ದೂರದಲ್ಲಿ ಹೊಸಕಿ, ಕೈ ತೊಳೆದುಕೊಂಡು ಬಂದನು.

ಹೊಗೆಸೊಪ್ಪಿನ ವಿಷವು ರೇಷ್ಮೆಹುಳುವಿಗೆ ಎಷ್ಟು ಘೋರವೆಂಬದನ್ನು ನಿಮಗೆ ನಾವು ಕಲಿಸಬೇಕಾದದ್ದಿಲ್ಲ. ಹೊಗೆಸೊಪ್ಪಿನ ಹೊಲಕ್ಕೆ ಹತ್ತಿರವಾಗಿ ಬೆಳೆದ ಹಿಪ್ಪುನೇರಳೆಯನ್ನು ನೀವು ಹುಳುವಿಗೆ ಹಾಕುವದಿಲ್ಲ. ಆ ನಿಕೋಟಿನ್ ಎಂಬ ವಿಷವು ತಗಲಿದರೆ ಹುಳುವು ತಿಂದದ್ದನ್ನು ಕಕ್ಕಿ, ಮುದುಡಿ ಸಾಯುತ್ತದೆ. ಬೀಡಿ ಮುಟ್ಟಿದ ಕೈಯಿಂದ ಸೊಪ್ಪನ್ನು ಮುಟ್ಟಬಾರದೆಂದು ಮನೆಯ ಮಕ್ಕಳೂ ಬಲ್ಲರು. ಸುಮಾರು ಒಂದು ತಿಂಗಳು ಬದುಕುವ ಹುಳುವಿಗಾಗಿ ನೆಂಟನನ್ನಾದರೂ ಬಾಗಿಲಲ್ಲಿ ತಡೆಯುತ್ತೇವೆ. ಯಾರೂ ಅದನ್ನು ಅವಮರ್ಯಾದೆ ಎನ್ನುವದಿಲ್ಲ. ಹಾಗಾದರೆ ದೇವರು ತನ್ನ ಉಸಿರನ್ನೇ ಊದಿ ಜೀವ ಕೊಟ್ಟ ಮನುಷ್ಯಳ ವಿಷಯದಲ್ಲಿ ನಾವು "ಸಹಿಸಿಕೊಳ್ಳಮ್ಮಾ" ಎಂದದ್ದು ಹೇಗೆ? ಹಿಂದಕ್ಕೆ ಬರುವ ದಾರಿಯಲ್ಲಿ ನಮ್ಮ ಮನಸ್ಸು ನಮ್ಮನ್ನು ಚುಚ್ಚಿತು.

(ಆ ರೈತನ ಮನೆಯ ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಅದೇ ರಾತ್ರಿ ಊಟವಾದ ಮೇಲೆ ಅವನು ಹೆಂಡತಿ ಮಕ್ಕಳು ಮಲಗುವ ಕೋಣೆಯಲ್ಲಿ ಕುಳಿತು ತನ್ನ ಬೀಡಿಯನ್ನು ಹಚ್ಚಿದನು. ನಾವು ಹುಳುಮನೆಯ ಕಡೆಗೆ ಕೈ ತೋರಿಸಿದೆವು. ಅವನು ನಕ್ಕನು, ಆಮೇಲೆ ನಗಲಿಲ್ಲ.)

ವೈದ್ಯರು ಏನು ಹೇಳುತ್ತಾರೆ? ಸೇದುವವನಿಗೆ ಮಾತ್ರ ಕೇಡೆಂದು ಬಹುಕಾಲ ಜನರು ನಂಬಿದ್ದರು. 1981ರಲ್ಲಿ ಜಪಾನ್ ದೇಶದ ಹಿರಾಯಾಮ ಎಂಬವರು, ತಾವು ಹೊಗೆ ಸೇದದ 91,540 ಮಂದಿ ಹೆಂಗಸರನ್ನು 14 ವರ್ಷ ಗಮನಿಸಿ ಕಂಡದ್ದನ್ನು ಪ್ರಕಟಿಸಿದರು. ಬಹಳವಾಗಿ ಸೇದುವ ಗಂಡಂದಿರ ಹೆಂಡತಿಯರಿಗೆ ಶ್ವಾಸಕೋಶದ ಕ್ಯಾನ್ಸರ್ ರೋಗವು ಹೆಚ್ಚಾಗಿ ತಗಲಿತ್ತು. ಪರರ ಹೊಗೆಯಲ್ಲಿ ಇಷ್ಟಾದರೆ ಅಪಾಯವಿಲ್ಲವೆಂದು ಹೇಳಬಹುದಾದ ಅಳತೆಯೇ ಇಲ್ಲವೆಂದು 2006ರಲ್ಲಿ ಅಮೆರಿಕ ದೇಶದ ಮುಖ್ಯ ವೈದ್ಯಾಧಿಕಾರಿಯ ವರದಿಯು ತಿಳಿಸಿತು. ಕಿಟಕಿ ತೆರೆಯುವದರಿಂದಲೂ ಪಂಖ ತಿರುಗಿಸುವದರಿಂದಲೂ ಅದು ಪೂರ್ತಿ ಹೋಗದೆಂದೂ ಅದರಲ್ಲಿ ಹೇಳಿದೆ. ಸೇದದೆ ಇದ್ದರೂ ಪರರ ಹೊಗೆಯಿಂದ ಲೋಕದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಸುರಿಯು ಆ ಹೊಗೆಯಲ್ಲಿದ್ದರೆ ಕೂಸು ತೂಕ ಕಡಿಮೆಯಾಗಿ ಹುಟ್ಟಬಹುದು. ಹೊಗೆ ಕಣ್ಣಿಗೆ ಕಾಣದೆ ಹೋದ ಮೇಲೂ ಅದರ ವಿಷವು ಗೋಡೆ, ಪರದೆ, ಹಾಸಿಗೆಗಳಲ್ಲಿ ಅಂಟಿಕೊಂಡಿರುವದು. ಅದು ಗಾಳಿಯಲ್ಲಿರುವ ಬೇರೆ ವಸ್ತುವಿನೊಡನೆ ಕೂಡಿ ಕ್ಯಾನ್ಸರ್ ಹುಟ್ಟಿಸುವ ಹೊಸ ವಿಷವಾಗುವದೆಂದು 2010ರಲ್ಲಿ ಕಂಡುಕೊಂಡರು. ನಮ್ಮ ಸಹೋದರಿಯ ಹಳದಿ ಬಟ್ಟೆಯು ಸುಳ್ಳು ಹೇಳಲಿಲ್ಲ.

"ಒಲೆಯ ಹೊಗೆಯಲ್ಲಿ ಹುಟ್ಟಿ ಬೆಳೆದವರಿಗೆ ಸಿಗರೇಟಿನ ಹೊಗೆ ಏನು ಮಾಡೀತು?" ಎಂದು ಕೆಲವರು ಹಾಸ್ಯ ಮಾಡುತ್ತಾರೆ. ಸೌದೆಯ ಹೊಗೆಯಿಂದ ಮೊದಲೇ ನೊಂದ ಎದೆಗೆ ಇದು ಎರಡನೆಯ ಏಟೇ ಹೊರತು ಕವಚವಲ್ಲ.

ಸರ್ಕಾರದ ಕಾನೂನು ಉಂಟಲ್ಲಾ ಎನ್ನುವಿರಿ. ಉಂಟು. 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು, 2003ರಲ್ಲಿ ಕಾಯಿದೆಯಾಯಿತು, 2008ರ ಅಕ್ಟೋಬರ್ 2ರಿಂದ ಕಚೇರಿ, ಹೋಟೆಲು, ರೈಲು ನಿಲ್ದಾಣಗಳಲ್ಲೆಲ್ಲಾ ನಿಯಮಗಳು ಜಾರಿಗೆ ಬಂದವು. ಆದರೆ ಆ ಕಾಯಿದೆಯು ಮನೆಯ ಹೊಸಲನ್ನು ದಾಟುವದಿಲ್ಲ. ನಮ್ಮ ಸಹೋದರಿಯು ರೈಲಿನಲ್ಲಿ ಕುಳಿತಿರುವ ತನಕ ಕಾನೂನಿನ ನೆರಳಿನಲ್ಲಿದ್ದಾಳೆ, ಕೆಲಸದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಆ ನೆರಳೂ ಹೊರಗೇ ಉಳಿಯುತ್ತದೆ. ಕಚೇರಿಯ ಜವಾನನಿಗೆ ಸಿಕ್ಕಿದ ಕಾವಲು ಅವಳಿಗೆ ಸಿಕ್ಕಿಲ್ಲ. ಅದಕ್ಕೆ ಕಾರಣ, ಯಜಮಾನನಿಗೆ ಮನೆಯಾಗಿರುವ ಜಾಗವೇ ಅವಳಿಗೆ ಕೆಲಸದ ಸ್ಥಳವೆಂಬದನ್ನು ಲೋಕವು ತಡವಾಗಿ ಒಪ್ಪಿಕೊಂಡಿತು. 2004ರಲ್ಲಿ ಕರ್ನಾಟಕವು ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. 2011ರಲ್ಲಿ ಜಿನೀವಾ ಪಟ್ಟಣದಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು, ಮನೆಗೆಲಸದವರಿಗೂ ಆರೋಗ್ಯಕ್ಕೆ ಕೇಡಿಲ್ಲದ ಕೆಲಸದ ಸ್ಥಳವು ಹಕ್ಕಾಗಿ ಸಿಕ್ಕಬೇಕೆಂದು ಒಡಂಬಡಿಕೆ ಮಾಡಿತು. ಭಾರತವು ಅದನ್ನು ಇನ್ನೂ ಅಂಗೀಕರಿಸಿಲ್ಲ.

ಆದರೆ ದೇವರ ವಾಕ್ಯವು ಹೊಸಲನ್ನು ದಾಟುತ್ತದೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಕಟ್ಟಳೆಯುಂಟು. ಓದುವವರು ಅದನ್ನು ಹಾದುಹೋಗಿಬಿಡುತ್ತಾರೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಮೋಟುಗೋಡೆಯನ್ನು ಕಟ್ಟಿಸಬೇಕು, ಯಾವನಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಮನೆಗೆ ಬರುವದು ಎಂಬದೇ ಅದರ ಅರ್ಥ. ಮನೆ ನನ್ನದು, ಗೋಡೆ ಕಟ್ಟುವದೂ ಬಿಡುವದೂ ನನ್ನ ಇಷ್ಟ ಎಂದು ಇಸ್ರಾಯೇಲ್ಯನು ಹೇಳಕೂಡದು. ಅವನ ಮಾಳಿಗೆಗೆ ಹತ್ತುವವರು ನೆಂಟರೇ ಆಗಲಿ, ಕಾಳು ಒಣಗಿಸುವ ಕೂಲಿಯವಳೇ ಆಗಲಿ, ಅವರ ಪ್ರಾಣವು ಮನೆಯೊಡೆಯನ ಲೆಕ್ಕದಲ್ಲಿದೆ. ಹೊಗೆಯ ಮಾತಿಗೆ ಇದಕ್ಕಿಂತ ಹತ್ತಿರವಾದ ಕಟ್ಟಳೆಯು ನಮಗೆ ಸಿಕ್ಕಲಿಲ್ಲ. ನಮ್ಮ ಸಭೆಯಲ್ಲಿಯೂ ಈಗ ಕೆಲವರು ಮಕ್ಕಳ ನೌಕರಿಯ ದೆಸೆಯಿಂದ ಕೆಲಸದವರನ್ನು ಇಟ್ಟುಕೊಂಡಿದ್ದಾರೆ. ಅವರು ಇದನ್ನು ಎರಡು ಸಾರಿ ಓದಲಿ.

ಪೇತ್ರನ ಮಾತು ಏನಾಯಿತು? ಅವನು ಬರೆದದ್ದು ಬಿಟ್ಟುಹೋಗಲು ದಾರಿಯಿಲ್ಲದ ದಾಸರಿಗೆ, ಅದೂ ದೇವರ ನಿಮಿತ್ತ ಅನ್ಯಾಯವಾಗಿ ಪಡುವ ಬಾಧೆಯನ್ನು ಕುರಿತು. ಒಬ್ಬರ ಚಟಕ್ಕಾಗಿ ನಿನ್ನ ಎದೆಯನ್ನು ಸುಟ್ಟುಕೋ ಎಂದು ಅವನು ಎಲ್ಲಿಯೂ ಬರೆಯಲಿಲ್ಲ. ಪೌಲನು ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆಸಿಕೊಂಡ ಮೇಲೆ, ಗುಟ್ಟಾಗಿ ಹೊರಟುಹೋಗೆಂದಾಗ ಒಪ್ಪದೆ ಅಧಿಕಾರಿಗಳೇ ಬರಲೆಂದು ಹೇಳಿ ಕಳುಹಿಸಿದನಲ್ಲವೇ? ಸೌಮ್ಯತೆ ಬೇರೆ, ಮೌನ ಬೇರೆ.

ಆದಕಾರಣ ನಾವು ಆ ಸಹೋದರಿಯನ್ನು ಹುಡುಕಿಕೊಂಡು ಹೋಗಿ, ಮೊದಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಹೇಗೆ ಕೇಳಬೇಕೆಂದು ನಮ್ಮ ಮನೆಯವರು ಅವಳೊಡನೆ ಕುಳಿತು ಯೋಚಿಸಿದರು. ಹೆಂಗಸರ ಬುದ್ಧಿ ಇದರಲ್ಲಿ ನಮಗಿಂತ ಹರಿತ. ಎಲ್ಲರ ಮುಂದೆ ಕೇಳಬೇಡ, ಸಿಗರೇಟು ಕೈಯಲ್ಲಿರುವಾಗ ಕೇಳಬೇಡ, ಮೊದಲು ಯಜಮಾನಿಯ ಸಂಗಡ ಮಾತಾಡು ಎಂದರು. ಆ ಇಸ್ರಾಯೇಲ್ ಹುಡುಗಿಯೂ ಹಾಗೆಯೇ ಮಾಡಿದ್ದಳೆಂಬದು ನಮಗೆ ಆಗಲೇ ಹೊಳೆದದ್ದು. "ಸೇದಬೇಡಿ ಎಂದು ಹೇಳುವಷ್ಟು ದೊಡ್ಡವಳಲ್ಲ ಅಮ್ಮಾ, ನಾನು ಕೆಲಸ ಮಾಡುವ ಹೊತ್ತಿನಲ್ಲಿ ಅಯ್ಯಾವ್ರು ಹೊರಗೆ ಸೇದಿದರೆ ನನ್ನ ಕೆಮ್ಮು ನಿಂತೀತು" ಎಂಬಷ್ಟೇ ಮಾತು. ಮನೆಗೆ ಬಂದ ಕೂಡಲೆ ಸೀರೆ ಬದಲಾಯಿಸಿ, ಕೈ ಮುಖ ತೊಳೆದು ಮಕ್ಕಳನ್ನು ಎತ್ತಿಕೋ ಎಂದೂ, ಕೆಮ್ಮನ್ನು ಆಸ್ಪತ್ರೆಯಲ್ಲಿ ತೋರಿಸು, ಕ್ಷಯವಿಲ್ಲವೆಂದು ನಿಶ್ಚಯಮಾಡಿಕೋ ಎಂದೂ ಹೇಳಿದೆವು.

ಅವಳು ಕೇಳಿದಳು. ಯಜಮಾನಿಯು ಕಣ್ಣೀರಿಟ್ಟಳಂತೆ, ಮೂವತ್ತು ವರ್ಷದಿಂದ ಆಕೆಯೂ ಅದೇ ಮಾತನ್ನು ಹೇಳಲಾರದೆ ಇದ್ದಳು. ವಯಸ್ಸಾದವರು ಮೊದಲು ಮುನಿದು, ಎರಡು ದಿವಸ ಮಾತಾಡದೆ, ಮೂರನೆಯ ದಿವಸ ತಾವೇ ಕುರ್ಚಿಯನ್ನು ಹೊರಜಗಲಿಗೆ ಎಳೆದುಕೊಂಡು ಹೋದರು. ಮಗನು ಒಪ್ಪಲಿಲ್ಲ. "ಇಷ್ಟವಿಲ್ಲದಿದ್ದರೆ ಬಿಡು, ಬೇರೆಯವರು ಸಿಕ್ಕುತ್ತಾರೆ" ಎಂದನು. ಅವನು ಕಚೇರಿಗೆ ಹೋದ ಮೇಲೆ ಅವನ ಕೋಣೆಯನ್ನು ಗುಡಿಸುವದೆಂದು ಯಜಮಾನಿಯು ಏರ್ಪಾಟು ಮಾಡಿದಳು. ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ. ಮಗನ ಮಾತು ಒಂದು ದಿನ ನಿಜವಾಗಲೂಬಹುದು.

ಆ ಭಯವೇ ನಮ್ಮ ಸಹೋದರಿಯರ ಬಾಯಿಯನ್ನು ಮುಚ್ಚಿಸುವದು. ಒಂದು ಮನೆಯ ಸಂಬಳ ನಿಂತರೆ ಅಕ್ಕಿಯಲ್ಲಿಯೇ ಕಾಣುತ್ತದೆ. ಕೇಳಮ್ಮಾ ಎಂದು ಪ್ರಸಂಗ ಮಾಡುವದು ನಮಗೆ ಸುಲಭ, ಕೆಲಸ ಹೋಗುವದು ಅವಳಿಗೆ. ಆದದರಿಂದ ಈ ವಿಷಯದಲ್ಲಿ ಬಾಯಿ ತೆರೆದು ಕೆಲಸ ಕಳಕೊಂಡವಳಿಗೆ ಬೇರೆ ಮನೆ ಸಿಕ್ಕುವ ತನಕ, ಹೆಚ್ಚೆಂದರೆ ಎರಡು ತಿಂಗಳು, ಆ ಮನೆಯ ಸಂಬಳವನ್ನು ಸಭೆಯ ಹಣದಿಂದ ಕೊಡಬೇಕೆಂದು ಹಿರಿಯರ ಮುಂದೆ ಇಟ್ಟಿದ್ದೇವೆ. ಹಿರಿಯರಲ್ಲಿ ಇಬ್ಬರು ಹಣ ಎಲ್ಲಿಂದ ಬರುವದೆಂದು ಕೇಳಿದರು. ಸುಗ್ಗಿಯ ಕಾಣಿಕೆಯಿಂದ ಎಂದೆವು. ಇನ್ನೂ ತೀರ್ಮಾನವಾಗಿಲ್ಲ, ಸಭೆಯವರು ತಮ್ಮ ಹಿರಿಯರನ್ನು ಕೇಳುತ್ತಿರಲಿ.

ಬರುವ ತಿಂಗಳಿನ ಮೊದಲನೆಯ ಭಾನುವಾರ ಆರಾಧನೆ ತೀರಿದ ಮೇಲೆ ಪರರ ಮನೆಗಳಲ್ಲಿ ದುಡಿಯುವ ಸಹೋದರಿಯರೆಲ್ಲರೂ ಒಂದು ಗಳಿಗೆ ನಿಲ್ಲಬೇಕೆಂದು ಬೇಡುತ್ತೇವೆ. ಗಂಡಸರೂ ಬರಬಹುದು. ಬೀಡಿ ಬಿಡಬೇಕೆಂದು ಮನಸ್ಸಿರುವವರಿಗೆ 1800-11-2356 ಎಂಬ ಸರ್ಕಾರದ ದೂರವಾಣಿಯುಂಟು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಇನ್ನೂ ಬಿಡದವರು, ಹುಳುಮನೆಯ ಬಾಗಿಲಲ್ಲಿ ಮಾಡುವಂತೆ, ಬೀಡಿಯನ್ನು ಹೊರಗೆ ಹೊಸಕಿ ಕೈ ತೊಳೆದುಕೊಂಡು ಒಳಕ್ಕೆ ಬರಲಿ.