ನೇತ್ರಾಣಿಯ ಆಡು

ಕೊಪ್ಪಳ ಸೀಮೆಯ ಮಂಗಳೂರಿಗೆ ಕಡಲೂರಿನ ಹೆಸರುಂಟು, ಕಡಲಿಲ್ಲ. ಆದರೂ ಹರಕೆಯ ಮರಿ ಎಂದರೇನೆಂದು ಅಲ್ಲಿಯ ಕುರುಬನಿಗೆ ಹೇಳಿಕೊಡಬೇಕಾಗಿಲ್ಲ. ಮುರುಡೇಶ್ವರದಾಚೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿಯೆಂಬ ನಿರ್ಜನ ದ್ವೀಪದಲ್ಲಿ ಮೀನುಗಾರರು ಜಟ್ಟಿಗ ದೇವರಿಗೆ ಹರಕೆ ಹೊತ್ತು ಆಡುಗಳನ್ನು ಜೀವಸಹಿತ ಬಿಟ್ಟುಬರುವ ವಾಡಿಕೆಯುಂಟು. ಕೊಲ್ಲದೆ ಬಿಡುವುದು ದಯೆಯೇ ಸರಿ. ಆದರೆ ಆ ದಯೆಗೆ ಬೆಲೆ ತೆರುವವರಾರು? ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಅಲ್ಲಿ ಬರಿಯ ಗಾದೆಯಲ್ಲ. ಮೊಳೆತ ಸಸಿಯನ್ನೆಲ್ಲ ಅದು ಮೇದುಬಿಟ್ಟರೆ ಹಳೆಯ ಮರ ಉರುಳಿದೆಡೆಯಲ್ಲಿ ಹೊಸತು ಏಳದು. ಎತ್ತರದ ಮರದಲ್ಲಿ ಕಡ್ಡಿಗಳನ್ನೊಟ್ಟಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲಹದ್ದು ಆಗ ಎಲ್ಲಿಗೆ ಹೋಗಬೇಕು? ಅದೇನೂ ಹರಕೆ ಹೊತ್ತದ್ದಲ್ಲ. ಆಡಿನದಾದರೂ ತಪ್ಪೇನು? ಅದು ತಾನಾಗಿ ಕಡಲು ದಾಟಿ ಬಂದುದಲ್ಲ.

ಭಕ್ತನೊಬ್ಬನನ್ನೇ ದೂರಲು ಹೊರಡುವವರು, ಇದೇ ದ್ವೀಪವನ್ನು ನೌಕಾಪಡೆಯು ಗುಂಡಿನ ಗುರಿಯಾಗಿ ಬಳಸಿದುದನ್ನು ಮರೆಯುವುದು ನ್ಯಾಯವಲ್ಲ. ಜನವಿಲ್ಲದ ನೆಲ ಬರಿದಾದ ನೆಲವೆಂದೇ ಇಬ್ಬರೂ ಎಣಿಸಿದರು. ಇನ್ನು ಆಡುಗಳನ್ನು ಹಿಡಿದು ತರೋಣವೆಂದರೆ, ದೇವರಿಗೆ ಒಪ್ಪಿಸಿದುದನ್ನು ಮರಳಿ ಪಡೆಯಬಹುದೇ ಎಂದು ಭಕ್ತನು ಕೇಳುವನು. ಆ ಮಾತನ್ನು ನಕ್ಕು ತಳ್ಳುವಂತಿಲ್ಲ. ಇನ್ನು ಮುಂದಿನ ಮರಿಯನ್ನಾದರೂ ದಡದಲ್ಲಿಯೇ ಒಪ್ಪಿಸಿಕೊಳ್ಳಬೇಕೆಂದು ಜಟ್ಟಿಗನ ಅಪ್ಪಣೆಯನ್ನೇ ಕೇಳಿ ನೋಡಬಹುದು.