ಒಡ್ಡಿನ ಮೇಲಿನ ಬೇವು

ಬೇಸಗೆಯ ನಡುಹಗಲಿನಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಘೋಣಸಗಿಯ ಕಡೆಯ ಹೊಲಗಳಲ್ಲಿ ನಡೆದವರಿಗೆ, ಬಾಯ್ಬಿರಿದ ಎರೆಭೂಮಿಯ ಒಡ್ಡಿನ ಮೇಲೆ ಒಂದು ಬೇವಿನ ಮರ ನಿಂತಿರುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಮರವನ್ನು ಬೆಳೆಸಿದವನಿಗೆ ಈಗ ಸರಕಾರವು ಹಣ ಕೊಡುತ್ತದೆ. ಅರಣ್ಯ ಇಲಾಖೆಯು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ಬದುಕುಳಿದ ಪ್ರತಿಯೊಂದು ಸಸಿಗೆ ಮೂರು ವರ್ಷಗಳಲ್ಲಿ ಒಂದು ಕಾಲಕ್ಕೆ 30, 30, 40ರಂತೆ 100 ರೂಪಾಯಿ ಸಲ್ಲುತ್ತಿತ್ತು. ಮುಂದೆ ಅದು 35, 40, 50ಕ್ಕೆ ಏರಿ 125 ಆಯಿತು.

ಕೆರೆ ಕಟ್ಟಿಸುವುದನ್ನೂ ಬಾವಿ ತೋಡಿಸುವುದನ್ನೂ ಸಾಲುಮರ ನೆಡಿಸುವುದನ್ನೂ ನಮ್ಮ ಪೂರ್ವಿಕರು ಪೂರ್ತಧರ್ಮವೆಂದು ಕರೆದು, ಯಜ್ಞಯಾಗಾದಿಗಳ ಜೊತೆಯಲ್ಲಿಯೇ ಅದಕ್ಕೆ ಸ್ಥಾನ ಕೊಟ್ಟಿದ್ದರು. ಆ ಧರ್ಮಕ್ಕೆ ಸಸಿಯೊಂದಕ್ಕೆ ಇಷ್ಟೆಂದು ಬೆಲೆ ಕಟ್ಟಿದ ಮೇಲೆ ಅದು ಧರ್ಮವಾಗಿ ಉಳಿಯುವುದೋ, ಬರಿಯ ಕೂಲಿಯಾಗಿಬಿಡುವುದೋ?

ಈ ಸಂಶಯವು ಸಾತ್ವಿಕವಾದದ್ದು. ಆದರೆ ಬಸವಣ್ಣನವರ ಹುಟ್ಟುನೆಲವಾದ ಈ ಜಿಲ್ಲೆಯಲ್ಲಿ ಕೂಲಿಯೆಂಬ ಮಾತನ್ನು ಅಷ್ಟು ಹಗುರವಾಗಿ ಆಡಲಾಗದು. ಕಾಯಕದಿಂದ ಬಂದುದನ್ನು ಶರಣರು ಕೀಳೆಂದು ಕಾಣಲಿಲ್ಲ, ಅದನ್ನೇ ದಾಸೋಹದ ಬುತ್ತಿಯಾಗಿ ಮಾಡಿಕೊಂಡರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಮಿಗಿಲಾಗಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಆತನ ಹೆಂಡತಿ ಲಕ್ಕಮ್ಮ ಕಳುಹಿಸಿದಳಲ್ಲವೆ? ಆಕೆ ಅಲ್ಲಗಳೆದದ್ದು ದುಡಿಮೆಯ ಫಲವನ್ನಲ್ಲ, ಅದರೊಳಗೆ ನುಸುಳಿದ ಆಶೆಯನ್ನು. ಬಾಡಿಹೋದ ಸಸಿಯನ್ನು ಬದುಕಿದೆಯೆಂದು ಎಣಿಸುವವನು ಆ ಮಿಕ್ಕ ಅಕ್ಕಿಯನ್ನು ಮನೆಯೊಳಗೆ ಇಟ್ಟುಕೊಂಡಂತೆಯೇ ಸರಿ. ನೀರು ಹೊತ್ತು ಸಸಿಯನ್ನು ಉಳಿಸಿಕೊಂಡವನಿಗೆ ಆ ದೋಷ ತಟ್ಟದು.

ಇನ್ನೊಂದು ಮಾತೂ ವಿಚಾರಣೀಯವಾಗಿದೆ. ಒಬ್ಬನ ಒಡ್ಡು ತಡೆದ ಮಳೆನೀರು ಇಂಗಿ ಕೆಳಗಿನವನ ಬಾವಿಗೆ ಒರತೆಯಾಗುತ್ತದೆ. ಒಡ್ಡಿಲ್ಲದ ಹೊಲದ ಮಣ್ಣು ಒಂದೇ ರಭಸದ ಮಳೆಗೆ ಹಳ್ಳ ಸೇರಿ ಡೋಣಿ ನದಿಯ ಪಾಲಾಗುತ್ತದೆ. ನೀರಿಗೆ ಸರ್ವೆ ನಂಬರಿನ ಗಡಿ ತಿಳಿಯದು. ಆದುದರಿಂದಲೇ, ಈ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿಯೇ, 1942ರ ಭೂಸುಧಾರಣಾ ಯೋಜನೆಗಳ ಕಾನೂನು ಒಡ್ಡು ಹಾಕುವುದನ್ನು ಒಬ್ಬೊಬ್ಬನ ಇಚ್ಛೆಗೆ ಬಿಡದೆ ಇಡೀ ಹೊಲಸಾಲಿನ ಕೆಲಸವಾಗಿ ಎತ್ತಿಕೊಂಡಿತು. ಒಡ್ಡಿನ ಮೇಲಿನ ಮರಕ್ಕೂ ಈ ಮಾತು ಸಲ್ಲುತ್ತದೆ. ಹಾಗಿರುವಾಗ ಸರಕಾರದ ಹಣವನ್ನು ದಾನವೆಂದಾಗಲಿ ಆಮಿಷವೆಂದಾಗಲಿ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಳಗಿನ ಹೊಲದವರೂ, ದೂರದ ಪಟ್ಟಣದವರೂ, ಇನ್ನೂ ಹುಟ್ಟದವರೂ ಈ ರೈತನಿಗೆ ಸಲ್ಲಿಸಬೇಕಾದ ಋಣದ ಅತ್ಯಲ್ಪ ಭಾಗವನ್ನು ಅದು ಅವರ ಪರವಾಗಿ ತೀರಿಸುತ್ತಿದೆ, ಅಷ್ಟೆ.

ಆದರೆ ಆ ಹಣವು ಮೂರನೆಯ ವರ್ಷಕ್ಕೆ ನಿಲ್ಲುತ್ತದೆ, ಮರವು ನಿಲ್ಲುವುದಿಲ್ಲ. ನಾಲ್ಕನೆಯ ವರ್ಷ ಅದರ ಬೇರು ಹಿಂಗಾರಿ ಜೋಳದ ಪಾಲಿನ ತೇವವನ್ನು ಹೀರತೊಡಗುತ್ತದೆ, ನೆರಳು ಬಿದ್ದ ಸಾಲುಗಳಲ್ಲಿ ತೆನೆ ಸಣ್ಣಗಾಗುತ್ತದೆ, ಎಣಿಸುವುದಕ್ಕೆ ಇಲಾಖೆಯ ಯಾರೂ ಬರುವುದಿಲ್ಲ. ಅಂದು ಕೊಡಲಿಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟು, ಅದೇ ಬೇವಿನ ಬುಡದಲ್ಲಿ ಎತ್ತುಗಳನ್ನು ಕಟ್ಟಿ, ಬುತ್ತಿಯ ಗಂಟನ್ನು ಬಿಚ್ಚುವವನ ಪುಣ್ಯದ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ.